ಹಾಡುಗಾರರ ಫೋಟೊ ಸಾಕು, ಡೇರೆಗಳ ಕಥೆಯನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಜೂನ್ ಕೊನೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ಎರಡು ಫೋಟೊ ಬರುತ್ತವೆ. ಮೊದಲನೆಯದು ವೇದಿಕೆ ಮೇಲೆ ಕೈ ಎತ್ತಿ ನಿಂತ ಹಾಡುಗಾರರದ್ದು. ಎರಡು ದಿನ ಬಿಟ್ಟು ಎರಡನೆಯದು, ಬಯಲು ತುಂಬ ಬಿದ್ದಿರುವ ಕಸದ್ದು. ಈ ಸಲ ಎರಡೂ ಬರುವುದಿಲ್ಲ. 2026ರಲ್ಲಿ ಉತ್ಸವವೇ ಇಲ್ಲ, ಹೊಲವನ್ನು ಬೀಳು ಬಿಟ್ಟಿದ್ದಾರೆ. ಹೇಗೂ ಪುಟದಲ್ಲಿ ಜಾಗ ಉಳಿದಿದೆಯಲ್ಲ, ಆ ಎರಡು ಫೋಟೊಗಳ ನಡುವೆ ಬಿಟ್ಟುಹೋಗುವ ಕಥೆಯನ್ನು ನಾನೇ ಬರೆದು ಕಳಿಸುತ್ತಿದ್ದೇನೆ.

ನಾನು ತಿಪಟೂರು ಕಡೆಯವಳು, ಈಗ ಇರುವುದು ಬ್ರಿಸ್ಟಲ್‌ನಲ್ಲಿ. ಉತ್ಸವ ನಡೆಯುವ ವರ್ದಿ ಫಾರ್ಮ್ ಇಲ್ಲಿಂದ ಮಾಮೂಲಿ ದಿನದಲ್ಲಿ ಕಾರಿನಲ್ಲಿ ಒಂದು ಗಂಟೆ ಹಾದಿ. ಉತ್ಸವದ ವಾರ ಎಷ್ಟು ಹೊತ್ತಾಗುತ್ತದೆ ಅಂತ ಮಾತ್ರ ಕೇಳಬೇಡಿ.

ಮೊದಲು ಒಂದು ಮಾತು. ಅದು ಗ್ಲಾಸ್ಟನ್‌ಬರಿ ಪಟ್ಟಣದಲ್ಲಿ ನಡೆಯುವುದೇ ಅಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಪಿಲ್ಟನ್ ಅಂತ ಸಾವಿರದ ಆಸುಪಾಸು ಜನರ ಹಳ್ಳಿ ಇದೆ, ಆ ಹಳ್ಳಿಯ ಹಾಲಿನ ಡೇರಿ ಹೊಲ ಅದು. ಮೈಕೆಲ್ ಈವಿಸ್ ಅನ್ನುವ ರೈತ 1970ರ ಸೆಪ್ಟೆಂಬರ್ 19ರಂದು ಮೊದಲ ಸಲ ಜನ ಕರೆದದ್ದು. ಟಿಕೆಟ್ ಒಂದು ಪೌಂಡ್, ಜೊತೆಗೆ ಹೊಲದ ಹಾಲು ಪುಕ್ಕಟೆ. ಬಂದವರು ಸಾವಿರದ ಐನೂರು ಜನ. ಈಗ ಹಾಡುಗಾರರನ್ನೂ ಕೆಲಸದವರನ್ನೂ ಸೇರಿಸಿ 2 ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ಹಾಸನ ನಗರದಲ್ಲಿದ್ದವರಿಗಿಂತ ಇದು ಜಾಸ್ತಿ. ಅಷ್ಟು ಜನ ಬುಧವಾರ ಬಂದು, ಹಸು ಮೇಯುವ ಹುಲ್ಲಿನ ಮೇಲೆ ಡೇರೆ ಹೊಡೆದು, ಅಲ್ಲೇ ಉಂಡು ಮಲಗಿ, ಸೋಮವಾರ ಖಾಲಿ ಮಾಡುತ್ತಾರೆ. ಆಮೇಲೆ ಹಸುಗಳು ಅದೇ ಹುಲ್ಲಿಗೆ ವಾಪಸ್ ಬರಬೇಕು. ಪಿರಮಿಡ್ ವೇದಿಕೆ ಅಂತ ನೀವು ಫೋಟೊ ಹಾಕುತ್ತೀರಲ್ಲ, 1981ರಲ್ಲಿ ಕಟ್ಟಿದ ಅದರ ಹಳೇ ರೂಪ ಉತ್ಸವ ಇಲ್ಲದ ದಿನಗಳಲ್ಲಿ ದನದ ಕೊಟ್ಟಿಗೆ, ಮೇವಿನ ಉಗ್ರಾಣ. 1994ರಲ್ಲಿ ಅದು ಸುಟ್ಟುಹೋಯಿತು. ಈಗಿರುವುದು 2000ದಲ್ಲಿ ಬಂದದ್ದು.

ಹಾಡು ಕೇಳುವುದಷ್ಟೇ ಆದರೆ ಅಲ್ಲಿಗೆ ಹೋಗಲೇಬೇಕಾಗಿಲ್ಲ. ಬಿಬಿಸಿ ಅದನ್ನು 1997ರಿಂದ ತೋರಿಸುತ್ತಾ ಬಂದಿದೆ. ಮನೆಯ ಸೋಫಾ ಮೇಲೆ ಕಾಲು ಚಾಚಿಕೊಂಡು ಕೂತರೆ ಹಾಡುಗಾರರ ಮುಖ ಇನ್ನೂ ಚೆನ್ನಾಗಿ ಕಾಣುತ್ತದೆ, ಧ್ವನಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಶೌಚಾಲಯ ಹತ್ತು ಹೆಜ್ಜೆ ದೂರದಲ್ಲಿರುತ್ತದೆ. ಹಾಗಿದ್ದರೂ 2025ರಲ್ಲಿ ಟಿಕೆಟ್‌ಗೆ 373 ಪೌಂಡ್ 50 ಪೆನ್ಸ್, ಅದರ ಮೇಲೆ ಬುಕಿಂಗ್‌ಗೆ 5 ಪೌಂಡ್, ಅಂದರೆ ನಲವತ್ತು ಸಾವಿರ ರೂಪಾಯಿಗೂ ಜಾಸ್ತಿ ಕೊಟ್ಟು ಜನ ಮುಗಿಬಿದ್ದರು. ಅದೂ ಯಾರು ಹಾಡುತ್ತಾರೆ ಅಂತ ಗೊತ್ತಾಗುವ ಮೊದಲೇ. ಟಿಕೆಟ್ ಮಾರುವುದು ನವೆಂಬರ್ ಹೊತ್ತಿಗೆ, ಪಟ್ಟಿ ಹೊರಬರುವುದು ಆಮೇಲೆ. ಹಾಗಾದರೆ ಇವರು ದುಡ್ಡು ಕೊಡುವುದು ಯಾತಕ್ಕೆ?

ನನ್ನನ್ನು ಕೇಳಿದರೆ, ಪಕ್ಕದ ಡೇರೆಯವರಿಗೆ. ತುಮಕೂರಿನ ಹತ್ತಿರ ಸಿದ್ಧಗಂಗೆಯ ದನಗಳ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತಿನ ಪಕ್ಕದಲ್ಲೇ ಚಪ್ಪರ ಹಾಕಿಕೊಂಡು ದಿನಗಟ್ಟಲೆ ಇರುವ ರೈತ ತೇರು ನೋಡುವುದು ಒಂದು ಗಳಿಗೆ. ಮಿಕ್ಕಿದ್ದೆಲ್ಲ ಯಾವೂರು, ಯಾರ ಪೈಕಿ, ಮಳೆ ಹೇಗಿದೆ, ಎತ್ತಿಗೆ ಎಷ್ಟು ಹಲ್ಲಾಗಿದೆ ಅನ್ನುವ ಮಾತು.

ಇಂಗ್ಲಿಷರು ಮಾತಿಗೆ ಸಿಗದ ಜನ ಅನ್ನುವುದು ನಮ್ಮವರಲ್ಲಿ ಎಲ್ಲರೂ ಹೇಳುವ ಮಾತು. ನಾನು ಇರುವ ಬೀದಿಯಲ್ಲಂತೂ ಅದು ನಿಜವೇ. ಪಕ್ಕದ ಮನೆಯವರು ಕಸದ ಡಬ್ಬಿ ಹೊರಗಿಡುವಾಗ ಒಂದು ನಗು ನಕ್ಕು ಒಳಗೆ ಹೋದರೆ ಮತ್ತೆ ಕಾಣುವುದು ಮುಂದಿನ ವಾರ. ಅದೇ ಜನ ಈ ಬಯಲಿಗೆ ಬಂದರೆ ಡೇರೆಯ ಕಂಬಿ ಜೋಡಿಸುವ ಮೊದಲೇ ಶುರು ಮಾಡಿರುತ್ತಾರೆ. ಎಲ್ಲಿಂದ ಬಂದಿರಿ? ರೈಲಾ, ಕಾರಾ? ಕಾಸಲ್ ಕ್ಯಾರಿ ಸ್ಟೇಷನ್ನಿನಲ್ಲಿ ಬಸ್ಸಿಗೆ ಎಷ್ಟು ಹೊತ್ತು ನಿಂತಿರಿ? ಸುತ್ತಿಗೆ ಇದೆಯಾ? ಈ ಸುತ್ತಿಗೆ ಒಂದು ದೊಡ್ಡ ವಿಷಯ. ಗೂಟ ಹೊಡೆಯುವ ರಬ್ಬರ್ ಸುತ್ತಿಗೆಯನ್ನು ಹತ್ತು ಡೇರೆಗೆ ಒಬ್ಬರು ತಂದಿರುತ್ತಾರೆ. ಅದು ಕೈಯಿಂದ ಕೈಗೆ ಹೋಗುತ್ತದೆ, ಸಂಜೆ ಹೊತ್ತಿಗೆ ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ, ಅಷ್ಟರಲ್ಲಿ ಆ ಸುತ್ತಿಗೆಯ ನೆಪದಲ್ಲಿ ಸುತ್ತಲಿನ ಎಲ್ಲರ ಹೆಸರೂ ಗೊತ್ತಾಗಿರುತ್ತದೆ.

ನನ್ನ ಪಾಲಿಗೆ ಆ ಕೆಲಸ ಮಾಡುವುದು ಅವಲಕ್ಕಿ ಡಬ್ಬಿ. ಕರಿದ ದಪ್ಪ ಅವಲಕ್ಕಿ, ಕಡ್ಲೆಕಾಯಿಬೀಜ, ಕೊಬ್ಬರಿ ಚೂರು, ಕರಿಬೇವು, ಸ್ವಲ್ಪ ಇಂಗು. ಎಣ್ಣೆ ಕಾಗದ ಹಾಕಿ ಮುಚ್ಚಿಟ್ಟರೆ ಐದು ದಿನ ಮೆತ್ತಗಾಗುವುದಿಲ್ಲ, ಮಳೆ ಬಂದರೂ. ಒಂದು ಸಂಜೆ ಪಕ್ಕದ ಡೇರೆಯ ಹೆಂಗಸಿಗೆ ಡಬ್ಬಿ ಚಾಚಿದೆ. ಯಾರ್ಕ್‌ಷೈರ್ ಕಡೆಯವರು, ಅರವತ್ತು ದಾಟಿದವರು, ಪ್ಲಾಸ್ಟಿಕ್ ಮಡಚು ಕುರ್ಚಿಯಲ್ಲಿ ಕಾಲ್ಚೀಲ ಒಣಗಿಸಿಕೊಂಡು ಕೂತಿದ್ದರು. ಒಂದು ಮುಷ್ಟಿ ತೆಗೆದುಕೊಂಡು, ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಕುರ್ಚಿಯ ತೋಳಿನ ಮೇಲೆ ಸಾಲಾಗಿ ಇಟ್ಟರು. ಇದು ತಿನ್ನುವುದಾ, ಸುಮ್ನೆ ವಾಸನೆಗಾ ಅಂತ ಕೇಳಿದರು. ತಿನ್ನಬಹುದು ಅಂದೆ. ಸಾಲಿನ ಮೊದಲ ಎಲೆ ಬಾಯಿಗೆ ಹಾಕಿಕೊಂಡು ಕಟುಂ ಅಂತ ಕಡಿದು, ಉಳಿದ ಎಲೆಗಳನ್ನೂ ಒಂದೇ ಸಲಕ್ಕೆ ಬಾಚಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಅವರ ಗಂಡ ಎರಡು ಲೋಟ ಚಹಾ ಹಿಡಿದುಕೊಂಡು ಬಂದು ನಮ್ಮ ಡೇರೆಯ ಮುಂದೆ ಕೆಮ್ಮಿದರು. ಡೇರೆಗೆ ಕದ ಇಲ್ಲವಲ್ಲ, ತಟ್ಟುವುದು ಹೇಗೆ.

ಅಂದ ಹಾಗೆ ಈ ಕದದ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಗಿದೆ. ನನ್ನ ಅಕ್ಕನ ಮಗಳು ಕಾರ್ಡಿಫ್‌ನಲ್ಲಿ ಓದುತ್ತಾಳೆ, ನನ್ನ ಜೊತೆ ಬರುತ್ತೇನೆ ಅಂದಳು. ಅಕ್ಕ ತಿಪಟೂರಿನಿಂದ ಫೋನ್ ಮಾಡಿ, “ಅಲ್ಲ ಕಣೇ, ಆ ಡೇರೆಗೆ ಚಿಲಕ ಇರುತ್ತೇನೇ?” ಅಂತ ಕೇಳಿದಳು. ಇಲ್ಲ ಅಕ್ಕ, ಜಿಪ್ ಇರುತ್ತೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನಿಮ್ಮ ಓದುಗರಲ್ಲಿ ಎಷ್ಟೋ ಜನರ ಮಕ್ಕಳು ಈಗ ಈ ದೇಶದಲ್ಲಿ ಓದುತ್ತಿದ್ದಾರೆ. ಅವರೂ ಒಂದು ದಿನ ಫೋನ್ ಮಾಡಿ ಇದನ್ನೇ ಹೇಳಬಹುದು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಡದವರು ಈ ಭಾಗ ಬಿಟ್ಟು ಓದಿ.

ಜಿಪ್‌ಗೆ ಬೀಗ ಹಾಕಬೇಡಿ. ಬೀಗ ಕಂಡರೆ ಒಳಗೆ ಏನೋ ಇದೆ ಅಂತ ಕಳ್ಳನಿಗೆ ನಾವೇ ಬೋರ್ಡ್ ಹಾಕಿದ ಹಾಗೆ. ಬೆಲೆ ಬಾಳುವುದನ್ನು ತರದೇ ಇರುವುದು ಮೇಲು, ತಂದರೆ ಬಯಲಿನಲ್ಲಿ ಅಲ್ಲಲ್ಲಿ ಸಾಮಾನು ಇಡುವ ಪುಕ್ಕಟೆ ಕೇಂದ್ರಗಳಿವೆ, ಅಲ್ಲಿ ಕೊಟ್ಟು ಚೀಟಿ ತೆಗೆದುಕೊಂಡರೆ ಆಯಿತು. ಪಾಸ್‌ಪೋರ್ಟ್‌ನಂಥದ್ದನ್ನು ದಿಂಬಿನ ಕೆಳಗಿಟ್ಟು ಹಾಡು ಕೇಳಲು ಹೋಗುವ ಹುಡುಗರನ್ನು ನೋಡಿದ್ದೇನೆ, ಅವರಿಗೆ ಯಾರಾದರೂ ಹೇಳಬೇಕು.

ಕುಡಿತ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇದೆ, ಬೇಕಾದಷ್ಟಿದೆ. ಗಾಜಿನ ಬಾಟಲಿ ಬಿಟ್ಟು ತಮ್ಮ ಪಾಡಿಗೆ ತಾವು ತಂದು ಕುಡಿಯಬಹುದು. ಡ್ರಗ್ಸ್ ಕೂಡ ಇದೆ. 2019ರ ಉತ್ಸವದ ಸಮಯದಲ್ಲಿ ಹೊಲದೊಳಗೆ ಹರಿಯುವ ವೈಟ್‌ಲೇಕ್ ಹೊಳೆಯ ನೀರನ್ನು ಬ್ಯಾಂಗೋರ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ ಹೊಲದ ಕೆಳಭಾಗದ ನೀರಿನಲ್ಲಿ ಕೊಕೇನ್, ಎಂಡಿಎಂಎ ಎರಡೂ ಸಿಕ್ಕಿದ್ದವು. ಜನ ಸಿಕ್ಕಸಿಕ್ಕಲ್ಲಿ ಮೂತ್ರ ಮಾಡುವುದೇ ಅದಕ್ಕೆ ಕಾರಣ. ಅಲ್ಲಿ ಬದುಕುವ ಹಾವುಮೀನುಗಳಿಗೆ ಅದರಿಂದ ಅಪಾಯ ಅಂತಲೂ ಹೇಳಿದರು. ಇದನ್ನು ಮುಚ್ಚಿಟ್ಟು ನಿಮ್ಮ ಮಗುವನ್ನು ಕಳಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಕುಡಿಯದವರನ್ನು ಅಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ, ಗೇಲಿಯೂ ಮಾಡುವುದಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ವೈದ್ಯರ ಡೇರೆಗಳಿವೆ, ತಲೆಸುತ್ತಿ ಗಾಬರಿಯಾದವರನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸುವ ಬೇರೆ ಡೇರೆಗಳೂ ಇವೆ. ರಾತ್ರಿ ಒಬ್ಬೊಬ್ಬರೇ ಓಡಾಡಬಾರದು ಅನ್ನುವುದು ಅಲ್ಲಿಗೂ ಅನ್ವಯಿಸುವ ಮಾತು. ಜೊತೆಯವರು ತಪ್ಪಿಸಿಕೊಂಡರೆ ಫೋನ್ ನಂಬಿಕೊಂಡು ಕೂರಬೇಡಿ. 2 ಲಕ್ಷ ಜನ ಒಂದೇ ಬಯಲಲ್ಲಿ ಫೋನ್ ಹಿಡಿದರೆ ಸಿಗ್ನಲ್ ಏನಾಗುತ್ತದೆ, ನೀವೇ ಯೋಚಿಸಿ. ಯಾವ ಜಾಗದಲ್ಲಿ ಎಷ್ಟು ಹೊತ್ತಿಗೆ ಸೇರುವುದು ಅಂತ ಬೆಳಿಗ್ಗೆಯೇ ಮಾತಾಡಿಕೊಳ್ಳಬೇಕು. ಮೊಬೈಲ್ ಬರುವ ಮೊದಲು ನಮ್ಮ ತಂದೆತಾಯಿ ಮಾಡುತ್ತಿದ್ದದ್ದು ಅದನ್ನೇ.

ಡೇರೆ ಎಲ್ಲಿ ಹಾಕುವುದು ಅನ್ನುವುದರ ಮೇಲೆ ಐದು ದಿನದ ಸುಖದುಃಖ ನಿಂತಿದೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುತ್ತಾರೆ, ಆಮೇಲೆ ಜಾಗ ಮೊದಲು ಬಂದವರದ್ದು. ಪೆನಾರ್ಡ್ ಹಿಲ್ ಅನ್ನುವ ಗುಡ್ಡದಲ್ಲಿ ಹುಡುಗರ ಗಲಾಟೆ ಬೆಳಗಿನವರೆಗೂ ನಿಲ್ಲುವುದಿಲ್ಲ. ಮಕ್ಕಳಿರುವವರಿಗೆ ಅಂತ ಕಾಕ್‌ಮಿಲ್ ಮೆಡೊ, ವಿಕೆಟ್ ಗ್ರೌಂಡ್ ಅಂತ ಬೇರೆ ಜಾಗಗಳಿವೆ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ಇಳಿಜಾರಿನಲ್ಲಿ ಹಾಕಿದರೆ ತಲೆ ಮೇಲ್ಗಡೆ ಇರಲಿ. ಶೌಚಾಲಯಕ್ಕೆ ತೀರಾ ಹತ್ತಿರ ಬೇಡ, ತೀರಾ ದೂರವೂ ಬೇಡ. ಹಳ್ಳದ ಜಾಗವಂತೂ ಬೇಡವೇ ಬೇಡ. 2005ರಲ್ಲಿ ಶುಕ್ರವಾರ ಬೆಳಗಿನ ಜಾವ ಗುಡುಗು ಸಹಿತ ಮಳೆ ಬಂದು, ತಗ್ಗಿನಲ್ಲಿದ್ದ ಡೇರೆಗಳು ತುದಿ ಮಾತ್ರ ಕಾಣುವ ಹಾಗೆ ಮುಳುಗಿಹೋದವು. 1997, 2007, 2016, ಇವೆಲ್ಲ ಕೆಸರಿನ ವರ್ಷಗಳು ಅಂತ ಹಳಬರು ನೆನಪಿಟ್ಟುಕೊಂಡಿದ್ದಾರೆ. ಅವರ ಮಾತಿನಲ್ಲಿ ಆ ವರ್ಷ ಯಾರು ಹಾಡಿದರು ಅನ್ನುವುದಕ್ಕಿಂತ ಮೊಣಕಾಲಿನ ಯಾವ ಮಟ್ಟಕ್ಕೆ ಕೆಸರಿತ್ತು ಅನ್ನುವುದೇ ಮೊದಲು ಬರುತ್ತದೆ. ಗಂಬೂಟು ಇಲ್ಲದೆ ಹೋಗಬೇಡಿ, ಬಿಸಿಲು ಅಂತ ಹವಾಮಾನದವರು ಹೇಳಿದ್ದರೂ. ಬಿಸಿಲೇ ಬಂದರೆ ಇನ್ನೊಂದು ಕಷ್ಟ. ಜೂನ್ ಕೊನೆಯಲ್ಲಿ ಇಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಸೂರ್ಯ ಮೇಲೆ ಬಂದಿರುತ್ತಾನೆ. ಏಳು ಗಂಟೆಗೆ ಡೇರೆಯೊಳಗೆ ಇರಲು ಆಗುವುದಿಲ್ಲ. ಮಲಗಿದ್ದು ಮೂರಕ್ಕೆ ಆದರೂ ಏಳಕ್ಕೆ ಎಲ್ಲರೂ ಕಣ್ಣು ಕಿವುಚಿಕೊಂಡು ಹುಲ್ಲಿನ ಮೇಲೆ ಬಂದು ಕೂತಿರುತ್ತಾರೆ. ನಿಜವಾದ ಹರಟೆ ನಡೆಯುವುದು ಆವಾಗಲೇ. ಸಂಗೀತ ಶುರುವಾಗಲು ಇನ್ನೂ ಎಷ್ಟೋ ಹೊತ್ತು ಇರುತ್ತದೆ, ಎಲ್ಲರ ತಲೆಗೂದಲೂ ಒಂದೇ ಥರ ಕೆದರಿರುತ್ತದೆ, ಯಾರೂ ಸ್ನಾನ ಮಾಡಿರುವುದಿಲ್ಲ. ವಕೀಲ ಯಾರು, ಲಾರಿ ಓಡಿಸುವವನು ಯಾರು ಅಂತ ಹೇಳಲು ಬರುವುದಿಲ್ಲ. ಹೊರಗಡೆ ಸಾವಿರಾರು ಪೌಂಡಿನ ಐಷಾರಾಮಿ ಡೇರೆಗಳೂ ಇವೆ, ಮಂಚ, ಬಿಸಿನೀರು, ಎಲ್ಲ ಇರುತ್ತದಂತೆ. ಅಲ್ಲಿ ಉಳಿಯುವವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಪಾಪ ಅನ್ನಿಸುತ್ತದೆ. ಸುತ್ತಿಗೆ ಕೇಳಿಕೊಂಡು ಯಾರೂ ಬರುವುದಿಲ್ಲ ಅವರ ಹತ್ತಿರ.

ಶೌಚಾಲಯದ ಬಗ್ಗೆ ಬರೆಯದಿದ್ದರೆ ಈ ಪತ್ರ ಪೂರ್ತಿಯಾಗುವುದಿಲ್ಲ. ಸಾವಿರಾರು ಇವೆ. ಬಹಳಷ್ಟು ಆಳದ ಗುಂಡಿಯ ಮೇಲೆ ಸಾಲಾಗಿ ಕೂರಿಸಿದ, ಮೇಲೆ ಛಾವಣಿ ಇಲ್ಲದ ತಗಡಿನ ಗೂಡುಗಳು. ಒಳಗೆ ಹೋಗಿ ಕೆಳಗೆ ನೋಡಬಾರದು, ಅಷ್ಟೇ ಸೂತ್ರ. ಇನ್ನು ಕೆಲವು ಮಲವನ್ನು ಗೊಬ್ಬರ ಮಾಡುವ ಶೌಚಾಲಯಗಳು. ಮುಗಿಸಿದ ಮೇಲೆ ಒಂದು ಹಿಡಿ ಮರದ ಹೊಟ್ಟು ಹಾಕಬೇಕು. ಇವು ನಾರುವುದಿಲ್ಲ, ಅದಕ್ಕೇ ಇವುಗಳ ಮುಂದೆ ಸಾಲು ಜಾಸ್ತಿ. ಬಡ ದೇಶಗಳಲ್ಲಿ ನೀರು, ಶೌಚಾಲಯಕ್ಕಾಗಿ ದುಡಿಯುವ ವಾಟರ್‌ಏಡ್ ಸಂಸ್ಥೆಯ ಸ್ವಯಂಸೇವಕರು ಚೊಕ್ಕ ಮಾಡುತ್ತಾ ನಿಂತಿರುತ್ತಾರೆ, ಹಾಡು ಹೇಳಿಕೊಂಡು. ನಮ್ಮವರಿಗೆ ನನ್ನ ಸಲಹೆ, ಒಂದು ನೀರಿನ ಬಾಟಲಿ ಕೈಯಲ್ಲೇ ಇರಲಿ. ನೀರಿನ ನಲ್ಲಿಗಳು ಎಲ್ಲ ಕಡೆ ಇವೆ, ಕುಡಿಯುವ ನೀರೇ. 2017ರಲ್ಲಿ ಆ ಬಯಲಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಪ್ಲಾಸ್ಟಿಕ್ ಬಾಟಲಿ ಖರ್ಚಾಗಿದ್ದವು. 2019ರಿಂದ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿ ಮಾರುವುದನ್ನೇ ನಿಲ್ಲಿಸಿದರು. ಈಗ ಎಲ್ಲರ ಸೊಂಟದಲ್ಲೂ ಸ್ಟೀಲ್ ಬಾಟಲಿ. ನಲ್ಲಿಯ ಮುಂದಿನ ಸಾಲಿನಲ್ಲಿ ನಿಂತಾಗಲೂ ಮತ್ತೆ ಅದೇ ಮಾತು, ಎಲ್ಲಿಂದ ಬಂದಿರಿ, ನಿನ್ನೆ ಏನು ನೋಡಿದಿರಿ.

ಈಗ ನಿಮ್ಮ ಎರಡನೇ ಫೋಟೊಗೆ ಬರುತ್ತೇನೆ, ಕಸದ್ದು. ಅದು ಸುಳ್ಳಲ್ಲ. ಪಿರಮಿಡ್ ವೇದಿಕೆಯ ಮುಂದೆ ಲೋಟ, ತಟ್ಟೆ ಬಿದ್ದಿರುತ್ತವೆ. ಹಿಂದೆಲ್ಲ ಡೇರೆಗಳನ್ನೂ ಬಿಟ್ಟು ಹೋಗುತ್ತಿದ್ದರು. ಅಗ್ಗದ ಡೇರೆ ತಂದು, ಐದು ದಿನ ಮಲಗಿ, ಯಾರಾದರೂ ಬಡವರಿಗೆ ಕೊಡುತ್ತಾರೆ ಬಿಡು ಅಂತ ಎದ್ದು ಹೋಗುವುದು. ಅದು ಯಾವ ಬಡವರಿಗೂ ಹೋಗುತ್ತಿರಲಿಲ್ಲ, ಬಹುಪಾಲು ಕಸಕ್ಕೇ ಹೋಗುತ್ತಿತ್ತು. ಡೇರೆಯ ಕಬ್ಬಿಣದ ಗೂಟ ಹುಲ್ಲಿನಲ್ಲಿ ಉಳಿದರೆ ಏನಾಗುತ್ತದೆ ಅಂತ ದನ ಕಟ್ಟಿದವರಿಗೆ ಗೊತ್ತು. ಹಸು ಮೇವಿನ ಜೊತೆ ಮೊಳೆಯನ್ನೋ ತಂತಿಯನ್ನೋ ನುಂಗಿದರೆ ಅದು ಹೊಟ್ಟೆಯಲ್ಲಿ ಚುಚ್ಚಿಕೊಂಡು ನರಳಿ ನರಳಿ ಸಾಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಒಂದು ಹಸು ಹೋದಾಗ ನಮ್ಮಜ್ಜಿ ಎರಡು ದಿನ ಊಟ ಬಿಟ್ಟಿದ್ದರು. ಆ ಕಾರಣಕ್ಕೇ ಉತ್ಸವದವರು ಮಣ್ಣಿನಲ್ಲಿ ಕರಗುವ ಗೂಟಗಳನ್ನು ಹಂಚಿದ್ದರು. ಹೇಳಿ ಹೇಳಿ ಜನರೂ ಬದಲಾದರು. 2019ರಲ್ಲಿ ನೂರಕ್ಕೆ 99.3ರಷ್ಟು ಡೇರೆಗಳನ್ನು ಜನ ವಾಪಸ್ ತೆಗೆದುಕೊಂಡು ಹೋದರು ಅಂತ ಉತ್ಸವ ನಡೆಸುವ ಎಮಿಲಿ ಈವಿಸ್, ಅಂದರೆ ಮೈಕೆಲ್ ಈವಿಸ್ ಅವರ ಮಗಳು, ಹೇಳಿದ್ದರು. ನಡೆಸುವವರು ಹೇಳುವ ಲೆಕ್ಕ, ಸ್ವಲ್ಪ ಅನುಮಾನದಿಂದಲೇ ನೋಡಿ, ತಪ್ಪಿಲ್ಲ. ಆದರೆ ನಾನು ಕಣ್ಣಾರೆ ನೋಡಿದ್ದೂ ಹಾಗೇ ಇದೆ. ಸೋಮವಾರ ಬೆಳಿಗ್ಗೆ ಡೇರೆ ಬಿಚ್ಚುವಾಗ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಗಮನಿಸುತ್ತಿರುತ್ತಾರೆ. ಐದು ದಿನ ಚಹಾ ಕುಡಿದವರ ಎದುರಿಗೆ ಕಸ ಬಿಟ್ಟು ಎದ್ದು ಹೋಗಲು ಮುಖ ಬರುವುದಿಲ್ಲ. ಪರಿಚಯವೇ ಇಲ್ಲದ ಕಡೆ ಎಸೆದು ಹೋಗುವುದು ಸುಲಭ. ಹಾಗಾಗಿ ಪಕ್ಕದವರ ಜೊತೆ ಮಾತಾಡುವುದು ಅಂದರೆ ಬರೀ ಹೊತ್ತು ಕಳೆಯುವುದಲ್ಲ ಅಂತ ನನಗೆ ಅನ್ನಿಸಿದೆ. ಆ ಬಯಲು ಚೊಕ್ಕವಾಗುವುದಕ್ಕೂ ಅದಕ್ಕೂ ಸಂಬಂಧ ಇದೆ.

ಊಟದ ಬಗ್ಗೆ ಅಕ್ಕ ಕೇಳಿದ ಎರಡನೇ ಪ್ರಶ್ನೆ. ಸಸ್ಯಾಹಾರಿಗಳಿಗೆ ಅಲ್ಲಿ ಏನೂ ತೊಂದರೆ ಇಲ್ಲ, ನೂರಾರು ಅಂಗಡಿಗಳಿವೆ. ಬೆಲೆ ಕೇಳಿದರೆ ಮಾತ್ರ ಹಸಿವು ಅರ್ಧ ಇಳಿಯುತ್ತದೆ. ಹರೇ ಕೃಷ್ಣ ಪಂಥದವರು ಒಂದು ಡೇರೆ ಹಾಕಿ ಅನ್ನ, ಸಾರಿನಂಥದ್ದನ್ನು ಪುಕ್ಕಟೆ ಬಡಿಸುತ್ತಾರೆ. ಮುಖಕ್ಕೆ ಬಣ್ಣ ಬಳಿದುಕೊಂಡ, ತಲೆಗೆ ಗರಿ ಸಿಕ್ಕಿಸಿಕೊಂಡ ಬಿಳಿ ಹುಡುಗರು ಸಾಲಾಗಿ ನೆಲದ ಮೇಲೆ ಕೂತು ಕೈಯಲ್ಲಿ ಉಣ್ಣುವುದನ್ನು ನೋಡಿದಾಗ ನಮ್ಮ ಅಕ್ಕನ ಮಗಳು ಜೋರಾಗಿ ನಕ್ಕಳು. ಅವರಿಗೆ ಅನ್ನ ಕಲಸಲು ಬರುತ್ತಿರಲಿಲ್ಲ. ಇವಳು ಪಕ್ಕದಲ್ಲಿ ಕೂತು ಬೆರಳು ಹೇಗೆ ಮಡಚಬೇಕು ಅಂತ ತೋರಿಸಿದಳು. ಆ ಹುಡುಗರಲ್ಲಿ ಇಬ್ಬರು ಈಗಲೂ ಅವಳ ಗೆಳೆಯರು, ಕಾರ್ಡಿಫ್‌ನ ಅವಳ ರೂಮಿಗೆ ಬಿಸಿಬೇಳೆಬಾತ್ ತಿನ್ನಲು ಬರುತ್ತಾರೆ. ತರಗತಿಯಲ್ಲಿ ಒಂದು ವರ್ಷ ಪೂರ್ತಿ ಯಾರ ಜೊತೆಯೂ ಇಷ್ಟು ಸಲಿಗೆ ಬೆಳೆದಿರಲಿಲ್ಲವಂತೆ. ದೂರದ ದೇಶಕ್ಕೆ ಒಬ್ಬರೇ ಓದಲು ಬಂದ ಮಕ್ಕಳ ಒಂಟಿತನ ಎಂಥದ್ದು ಅಂತ ಊರಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಫೋನಿನಲ್ಲಿ ಅವರು ಎಲ್ಲ ಚೆನ್ನಾಗಿದೆ ಅಮ್ಮ ಅಂತಲೇ ಹೇಳುವುದು.

ಹಾಡಿನ ವಿಷಯವೇ ಬರೆಯಲಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಒಂದು ಮಾತ್ರ ಹೇಳುತ್ತೇನೆ, ಅದೂ ಹಾಡಲ್ಲ. 2024ರಲ್ಲಿ ಮರೀನಾ ಅಬ್ರಮೊವಿಚ್ ಅನ್ನುವ ಕಲಾವಿದೆ ಪಿರಮಿಡ್ ವೇದಿಕೆಗೆ ಬಂದು, ಏಳು ನಿಮಿಷ ಎಲ್ಲರೂ ಸುಮ್ಮನಿರಿ, ಪಕ್ಕದಲ್ಲಿರುವವರ ಹೆಗಲ ಮೇಲೆ ಕೈ ಇಡಿ ಅಂತ ಕೇಳಿಕೊಂಡರು. ಅಷ್ಟು ದೊಡ್ಡ ಗುಂಪು, ಅದರಲ್ಲೂ ಅರ್ಧ ಜನರ ಕೈಯಲ್ಲಿ ಬಿಯರ್, ನಡೆಯುವ ಮಾತಾ? ನಡೆಯಿತು. ಐದು ದಿನ ಒಟ್ಟಿಗೆ ಬದುಕುವ ಜನರಾಗಿರದಿದ್ದರೆ ನಡೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಸಂಜೆ ಬಂದು ರಾತ್ರಿ ಮನೆಗೆ ಹೋಗುವ ಸಂಗೀತ ಕಛೇರಿಯಲ್ಲಿ ಯಾರು ಯಾರ ಹೆಗಲ ಮೇಲೆ ಕೈ ಇಡುತ್ತಾರೆ ಹೇಳಿ.

ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿ ಇದೆ. ಆಕ್ಸ್‌ಫಾಮ್‌ನಂಥ ಸೇವಾ ಸಂಸ್ಥೆಗಳು ಗೇಟು ಕಾಯಲು, ದಾರಿ ತೋರಿಸಲು ಹದಿನೆಂಟು ದಾಟಿದವರನ್ನು ಸ್ವಯಂಸೇವಕರಾಗಿ ತೆಗೆದುಕೊಳ್ಳುತ್ತವೆ. ಮೂರು ಪಾಳಿ, ಒಂದೊಂದು ಎಂಟು ಗಂಟೆ ಚಿಲ್ಲರೆ. ಮೊದಲು ಟಿಕೆಟ್‌ನಷ್ಟು ದುಡ್ಡು ಠೇವಣಿ ಇಡಬೇಕು, ಕೆಲಸ ಸರಿಯಾಗಿ ಮಾಡಿದರೆ ವಾಪಸ್ ಕೊಡುತ್ತಾರೆ. ಅವರಿಗೆ ಬೇರೆ ಡೇರೆ ಜಾಗ, ಬಿಸಿನೀರಿನ ಸ್ನಾನ ಎಲ್ಲ ಇರುತ್ತದೆ. ರಾತ್ರಿ ಪಾಳಿ ಬಿದ್ದರೆ ಚಳಿಗೆ ನಡುಗಬೇಕು, ಆದರೆ ಆ ಪಾಳಿಯಲ್ಲಿ ಸಿಗುವಷ್ಟು ಕಥೆ ಬೇರೆಲ್ಲೂ ಸಿಗುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅರ್ಜಿ ಹಾಕುವ ಮೊದಲು ತಮ್ಮ ವೀಸಾದಲ್ಲಿ ಇದಕ್ಕೆ ಅವಕಾಶ ಇದೆಯಾ ಅಂತ ಕಾಲೇಜಿನವರನ್ನು ಕೇಳಿಕೊಳ್ಳಲಿ. ಉತ್ಸವದಿಂದ ಪ್ರತಿ ಸಲ 20 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಆಕ್ಸ್‌ಫಾಮ್, ವಾಟರ್‌ಏಡ್, ಗ್ರೀನ್‌ಪೀಸ್‌ನಂಥ ಸಂಸ್ಥೆಗಳಿಗೂ ಅಕ್ಕಪಕ್ಕದ ಊರುಗಳ ಕೆಲಸಗಳಿಗೂ ಹೋಗುತ್ತದೆ. ಇದೂ ಪತ್ರಿಕೆಗಳಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ಈ ವರ್ಷದ ರಜೆಯ ಬಗ್ಗೆ ಇಲ್ಲಿ ಗೊಣಗುವವರು ಬಹಳ ಜನ. ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ. 2006, 2012, 2018ರಲ್ಲೂ ಹೀಗೇ ಬಿಟ್ಟಿದ್ದರು. ಇಷ್ಟು ಲಾಭ ತರುವ ಬೆಳೆಯನ್ನು ಒಂದು ವರ್ಷ ಬೇಡ ಅಂತ ಬಿಡುವುದು ಸುಲಭ ಅಲ್ಲ, ಅಲ್ವಾ? 2 ಲಕ್ಷ ಜೊತೆ ಗಂಬೂಟು ತುಳಿದ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಹುಲ್ಲಿನ ಬೇರು ಇಳಿಯುವುದಿಲ್ಲ. ಅದಕ್ಕೆ ಉಸಿರಾಡಲು ಬಿಡಬೇಕು. ಮೊನ್ನೆ ಆ ಕಡೆ ಹೋಗಿದ್ದಾಗ ರಸ್ತೆಯಿಂದ ನೋಡಿದೆ. ಗುಡ್ಡದ ಇಳಿಜಾರಿನಲ್ಲಿ ಕಪ್ಪು ಬಿಳಿ ಹಸುಗಳು ಮೇಯುತ್ತಿದ್ದವು, ಬೇಲಿಯ ಪಕ್ಕ ಒಬ್ಬರು ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು. ಮಾಮೂಲಿ ಹೊಲ.

ನನ್ನ ಕೋರಿಕೆ ಇಷ್ಟೇ. 2027ರಲ್ಲಿ ಉತ್ಸವ ಮತ್ತೆ ನಡೆಯುವಾಗ ಸುದ್ದಿಸಂಸ್ಥೆಯವರು ಕಳಿಸಿದ ಹಾಡುಗಾರರ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಅದರ ಪಕ್ಕದಲ್ಲಿ ಬೆಳಿಗ್ಗೆ ಏಳರ ಡೇರೆ ಬಯಲಿನದ್ದೂ ಒಂದು ಇರಲಿ. 2 ಲಕ್ಷ ಜನಕ್ಕೆ ಐದು ದಿನ ನೀರು, ಶೌಚ, ಮಲಗುವ ಜಾಗ ಹೇಗೆ ಒದಗಿಸುತ್ತಾರೆ ಅಂತ ಯಾರಾದರೂ ವರದಿಗಾರರು ಒಂದು ಪುಟ ಬರೆದರೆ ನಮ್ಮ ಕಡೆ ಉತ್ಸವ, ಸಮ್ಮೇಳನ ನಡೆಸುವವರಿಗೂ ಕೆಲಸಕ್ಕೆ ಬರುತ್ತದೆ.

ಇಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಸೂಚನೆ, ತಂದೆತಾಯಿ ದಯವಿಟ್ಟು ದಾಟಿಸಿ. ಟಿಕೆಟ್ ಕೊಳ್ಳುವ ದಿನಕ್ಕೆ ಮೊದಲೇ ಉತ್ಸವದ ಜಾಲತಾಣದಲ್ಲಿ ಫೋಟೊ ಸಮೇತ ಹೆಸರು ನೋಂದಾಯಿಸಿರಬೇಕು, ಇಲ್ಲದಿದ್ದರೆ ಟಿಕೆಟ್ ಸಿಗುವುದಿಲ್ಲ. ನೋಂದಣಿಗೆ ದುಡ್ಡಿಲ್ಲ. ಟಿಕೆಟ್ ಮೇಲೆ ಆ ಫೋಟೊನೇ ಬರುತ್ತದೆ, ಬೇರೆಯವರಿಗೆ ಮಾರಲೂ ಆಗುವುದಿಲ್ಲ. ಒಬ್ಬರು ಒಂದು ಸಲಕ್ಕೆ ಆರು ಟಿಕೆಟ್‌ವರೆಗೆ ತೆಗೆಯಬಹುದು, ಹಾಗಾಗಿ ಗೆಳೆಯರು ಆರಾರು ಜನ ಗುಂಪು ಮಾಡಿಕೊಂಡು, ಎಲ್ಲರ ನೋಂದಣಿ ಸಂಖ್ಯೆಯನ್ನು ಎಲ್ಲರೂ ಬರೆದಿಟ್ಟುಕೊಂಡು, ಯಾರಿಗೆ ಮೊದಲು ಪುಟ ತೆರೆದುಕೊಳ್ಳುತ್ತದೋ ಅವರು ಎಲ್ಲರಿಗೂ ತೆಗೆಯಲಿ. ಫೋಟೊದಲ್ಲಿ ಮುಖ ಪೂರ್ತಿ ಕಾಣಬೇಕು, ತಂಪು ಕನ್ನಡಕ ಹಾಕಿಕೊಂಡು ತೆಗೆಸಿದ್ದನ್ನು ಕಳಿಸಬೇಡಿ.

ಇಂತಿ,
ತಿಪಟೂರು ಕಡೆಯ ಓದುಗಾರ್ತಿ,
ಬ್ರಿಸ್ಟಲ್, ಇಂಗ್ಲೆಂಡ್